ಏಳು ದಿನಗಳ ಮೊತ್ತ: ಕೂಡುವ ಕ್ರಮ ತಪ್ಪಿದರೆ ಜಿಲ್ಲೆಗೇ ಬೀಗ

ಬೆಂಗಳೂರು: 2021ರ ಮೇ 10, ಸೋಮವಾರ. ರಾಜ್ಯದಲ್ಲಿ 14 ದಿನಗಳ ಲಾಕ್‌ಡೌನ್ ಜಾರಿಗೆ ಬಂದ ದಿನ. ಅಂದಿನ ಆರೋಗ್ಯ ಇಲಾಖೆಯ ಪ್ರಕಟಣೆಯಲ್ಲಿದ್ದ ಹೊಸ ಕೋವಿಡ್ ಪ್ರಕರಣಗಳು 39,305. ಹಿಂದಿನ ದಿನದ ಸಂಖ್ಯೆ 47,930. ಒಂದೇ ದಿನದಲ್ಲಿ ಶೇ 18ರಷ್ಟು ಇಳಿಕೆ!

ಸೋಂಕು ಅಷ್ಟೊಂದು ತಗ್ಗಿರಲಿಲ್ಲ. ವಾರಾಂತ್ಯದಲ್ಲಿ ಪರೀಕ್ಷೆಗಳು ಕಡಿಮೆಯಾಗುತ್ತಿದ್ದುದರಿಂದ ಸೋಮವಾರದ ಪಟ್ಟಿ ಸಾಮಾನ್ಯವಾಗಿ ಸೊರಗಿರುತ್ತಿತ್ತು. ಆ ಸೊರಗಿದ ಸಂಖ್ಯೆಗೆ ತಲೆಬರಹದ ಗೌರವ ಕೊಟ್ಟವರಲ್ಲಿ ನಾವು ಪತ್ರಕರ್ತರೂ ಇದ್ದೆವು.

ಕಳೆದ ಏಳು ದಿನಗಳ ಮೊತ್ತವನ್ನು ಪ್ರತಿದಿನವೂ ಹೊಸದಾಗಿ ಕೂಡುವ 'ರೋಲಿಂಗ್' ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. ಮೇ 3ರಿಂದ 9ರವರೆಗಿನ ಮೊತ್ತ 3,32,513; ಮೇ 4ರಿಂದ 10ರವರೆಗಿನದು 3,27,380. ಇಳಿಕೆ ಶೇ 1.5 ಮಾತ್ರ. ಹೊಸ ಸೋಮವಾರ ಒಳಬಂದಾಗ ಹಳೆಯ ಸೋಮವಾರದ 44,438 ಹೊರಹೋಗುತ್ತದೆ. ಅಂದರೆ ಸೋಮವಾರಕ್ಕೆ ಸೋಮವಾರವನ್ನೇ ಹೋಲಿಸಿದಂತಾಯಿತು. ಮಳಿಗೆಗಳ ಮಾರಾಟ ಲೆಕ್ಕಕ್ಕೆಂದು ಬಳಕೆಗೆ ಬಂದ ಬಿಸಿನೆಸ್ ಇಂಟೆಲಿಜೆನ್ಸ್ ತಂತ್ರಾಂಶಗಳು ಈ ರೇಖೆಯನ್ನು ಕ್ಷಣಾರ್ಧದಲ್ಲಿ ಬಿಡಿಸಿಕೊಡುತ್ತವೆ.

ತೊಡಕು ಇರುವುದು ತಂತ್ರಾಂಶಕ್ಕೆ ಕೊಡುವ ಆಜ್ಞೆಯಲ್ಲಿ. 'ಈ ಸಾಲು ಮತ್ತು ಹಿಂದಿನ ಆರು ಸಾಲುಗಳನ್ನು ಕೂಡು' ಎಂದರೆ ಅದು ಸಾಲುಗಳನ್ನು ಎಣಿಸುತ್ತದೆ, ದಿನಗಳನ್ನಲ್ಲ. ಒಂದು ತಾಲ್ಲೂಕಿನಲ್ಲಿ ಮೂರು ದಿನ ಪ್ರಕರಣವೇ ಇಲ್ಲದೆ ಆ ದಿನಾಂಕಗಳ ಸಾಲು ದಾಖಲಾಗದಿದ್ದರೆ, 'ವಾರ' ಹತ್ತು ದಿನಗಳಿಗೆ ಹಿಗ್ಗುತ್ತದೆ. ರೋಗ ಇಳಿಮುಖವಾಗಿರುವ ಊರಿನಲ್ಲಿಯೇ ಮೊತ್ತ ಉಬ್ಬಿ ಕಾಣುವುದು ವಿಪರ್ಯಾಸ. ಪ್ರಕರಣ ಇರಲಿ, ಬಿಡಲಿ, ಎಲ್ಲ ದಿನಾಂಕಗಳಿರುವ ಪ್ರತ್ಯೇಕ ಪಟ್ಟಿಯೊಂದನ್ನು ಜೋಡಿಸಿ, ಖಾಲಿ ದಿನಕ್ಕೆ ಸೊನ್ನೆ ತುಂಬುವುದೇ ಇದಕ್ಕೆ ಪರಿಹಾರ. ವರದಿಯೇ ಬಾರದ ದಿನಕ್ಕೆ ಮಾತ್ರ ಸೊನ್ನೆ ತುಂಬುವಂತಿಲ್ಲ.

ಇದಕ್ಕಿಂತ ಗಂಭೀರವಾದುದು ಪಾಸಿಟಿವಿಟಿ ದರದ ಲೆಕ್ಕ. 2021ರ ಜೂನ್ 21ರಿಂದ ರಾಜ್ಯ ಸರ್ಕಾರ ನಿರ್ಬಂಧ ಸಡಿಲಿಸಿದಾಗ ಜಿಲ್ಲೆಗಳನ್ನು ವಿಂಗಡಿಸಿದ್ದು ಈ ದರದ ಮೇಲೆಯೇ. ಶೇ 5ಕ್ಕಿಂತ ಕಡಿಮೆ ಇದ್ದ 16 ಜಿಲ್ಲೆಗಳಲ್ಲಿ ಸಂಜೆ 5ರವರೆಗೆ ಅಂಗಡಿ ತೆರೆಯಲು ಅವಕಾಶ ದೊರೆಯಿತು. ಶೇ 10ನ್ನು ಮೀರಿದ್ದ ಮೈಸೂರಿನಲ್ಲಿ ಲಾಕ್‌ಡೌನ್ ಮುಂದುವರಿಯಿತು.

ಒಂದು ಕಾಲ್ಪನಿಕ ಜಿಲ್ಲೆಯನ್ನು ತೆಗೆದುಕೊಳ್ಳೋಣ. ವಾರದ ಆರು ದಿನ ತಲಾ 5,000 ಪರೀಕ್ಷೆ, 225 ಸೋಂಕು. ದರ ಶೇ 4.5. ಭಾನುವಾರ 1,000 ಪರೀಕ್ಷೆ, ಬಂದವರಲ್ಲಿ ಹೆಚ್ಚಿನವರು ಜ್ವರಪೀಡಿತರೇ ಆದ್ದರಿಂದ 150 ಸೋಂಕು. ದರ ಶೇ 15. ಏಳು ದಿನಗಳ ದರಗಳನ್ನು ಕೂಡಿ ಏಳರಿಂದ ಭಾಗಿಸಿದರೆ ಶೇ 6. ಒಟ್ಟು ಸೋಂಕು 1,500ನ್ನು ಒಟ್ಟು ಪರೀಕ್ಷೆ 31,000ದಿಂದ ಭಾಗಿಸಿದರೆ ಶೇ 4.84. ಎರಡನೆಯದೇ ಸರಿ. ಮೊದಲನೆಯದನ್ನು ನಂಬಿದರೆ ಅಂಗಡಿಗಳಿಗೆ ಇನ್ನೂ ಒಂದು ವಾರ ಬೀಗ. ದಿನಗೂಲಿ ನಂಬಿದವನಿಗೆ ಈ ದಶಮಾಂಶದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕ ಸರಿಯಿದ್ದಾಗಲೂ ರೇಖೆ ದಾರಿ ತಪ್ಪಿಸುವುದುಂಟು. ಬಿಹಾರ ಸರ್ಕಾರ 2021ರ ಜೂನ್‌ನಲ್ಲಿ ಲೆಕ್ಕಕ್ಕೆ ಬಾರದೆ ಉಳಿದಿದ್ದ 3,951 ಕೋವಿಡ್ ಸಾವುಗಳನ್ನು ಒಮ್ಮೆಗೇ ಸೇರಿಸಿತು. ಜೂನ್ 10ರ ರಾಷ್ಟ್ರೀಯ ಪಟ್ಟಿಯಲ್ಲಿ ಒಂದು ದಿನದ ಸಾವು 6,148ಕ್ಕೆ ಜಿಗಿಯಿತು. ಏಳು ದಿನಗಳ ಮೊತ್ತದಲ್ಲಿ ಆ ಹಳೆಯ ಸಾವುಗಳು ಜೂನ್ 16ರವರೆಗೂ ಕುಳಿತು, 17ರಂದು ಒಟ್ಟಿಗೇ ಹೊರಬಿದ್ದವು. ಅಂದು ರೇಖೆಯಲ್ಲಿ ಕಂಡ ಕಡಿದಾದ ಇಳಿಜಾರಿಗೂ ಅಂದಿನ ಆಸ್ಪತ್ರೆಗಳ ಸ್ಥಿತಿಗೂ ಸಂಬಂಧವಿರಲಿಲ್ಲ. ಹಳೆಯ ಸಾವುಗಳನ್ನು ಅವು ಸಂಭವಿಸಿದ ದಿನಾಂಕಕ್ಕೇ ಹಂಚಿದ್ದರೆ ಆ ಏರೂ ಇರುತ್ತಿರಲಿಲ್ಲ, ಇಳಿಜಾರೂ ಇರುತ್ತಿರಲಿಲ್ಲ.