ಮೆಲುದನಿಯನ್ನು ಹಿಗ್ಗಿಸುವ ಮುನ್ನ

ಪದ್ಯವಾಚನವನ್ನು ಮೊಬೈಲಿನಲ್ಲಿ ಮುದ್ರಿಸಿ ಶಾಲೆಗೆ ಕಳುಹಿಸುವ ಮಕ್ಕಳು ಈಗ ಅನೇಕರು. ಮೆಲುದನಿಯ ಮಗುವಿನ ಓದು ಅಸ್ಪಷ್ಟವಾಗಿ ಕೇಳಿದರೆ, ತಪ್ಪು ಯಂತ್ರದ್ದಾಗಿದ್ದರೂ ಅಪವಾದ ಮಗುವಿನ ಉಚ್ಚಾರಣೆಗೇ ತಗಲುತ್ತದೆ. ಇಂಥ ಓದಿಗಾಗಿ ಆ್ಯಪ್ ರಚಿಸಲು ಹೊರಡುವ ಹಿರಿಯ ವಿದ್ಯಾರ್ಥಿಗಳು ಎಡವುವುದೂ ಇಲ್ಲಿಯೇ.

ಫೋನಿನ ಬದಿಯ ಗುಂಡಿ ಒತ್ತಿದರೆ ಹೆಚ್ಚುವುದು ಕೇಳಿಸುವ ಸದ್ದು ಮಾತ್ರ. ಮೈಕ್ ಗ್ರಹಿಸುವ ಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಗ್ರಹಣ ಮಟ್ಟಕ್ಕೆ ಗೇನ್ ಎಂದು ಹೆಸರು. ಐಫೋನಿನ ಪ್ರೋಗ್ರಾಮಿನಲ್ಲಿ ಅದನ್ನು 0ಯಿಂದ 1ರವರೆಗೆ ಹೊಂದಿಸುವ ಅವಕಾಶವಿದೆಯಾದರೂ, ಬಳಕೆಯಲ್ಲಿರುವ ಮೈಕ್ ಅದಕ್ಕೆ ಒಪ್ಪುವುದೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಆಂಡ್ರಾಯ್ಡಿನ ಆಡಿಯೋರೆಕಾರ್ಡ್‌ನಲ್ಲಿ ಅಂಥ ನೇರ ಆಜ್ಞೆಯೇ ಇಲ್ಲ. ಆದ್ದರಿಂದ ಹಲವರು ಮೈಕಿನಿಂದ ಬಂದ ಅಂಕಿಗಳನ್ನೇ ಗುಣಿಸತೊಡಗುತ್ತಾರೆ.

16 ಬಿಟ್ ಧ್ವನಿಯಲ್ಲಿ ಪ್ರತಿಯೊಂದು ಮಾದರಿಯೂ -32,768ರಿಂದ 32,767ರೊಳಗಿನ ಒಂದು ಸಂಖ್ಯೆ. ಎಲ್ಲವನ್ನೂ 2ರಿಂದ ಗುಣಿಸಿದರೆ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಆದರೆ 20,000 ಎಂಬ ಮಾದರಿ 40,000 ಆಗಲಾರದು. 32,767ರಲ್ಲಿ ತಡೆದರೆ ಅಲೆಯ ತುದಿ ಕತ್ತರಿಸಿಹೋಗಿ ಸ್ವರ ಒಡೆಯುತ್ತದೆ. ತಡೆಯಲು ಮರೆತರೆ ಅದೇ ಸಂಖ್ಯೆ -25,536 ಆಗಿ ಮಗುಚಿಕೊಂಡು ಪದ್ಯದ ನಡುವೆ ಸಿಡಿತ ಕೇಳಿಸುತ್ತದೆ. ಕಳೆದುಹೋದ ಆ ತುದಿಯನ್ನು ಅನಂತರ ಸದ್ದು ತಗ್ಗಿಸಿ ಮರಳಿ ಪಡೆಯುವಂತಿಲ್ಲ. ಸಾಲದ್ದಕ್ಕೆ, ದನಿಯೊಡನೆ ಹಿನ್ನೆಲೆಯ ಗದ್ದಲವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಕಾಸರಗೋಡಿನ ಆಟಿಯ ಮಳೆಯಲ್ಲಿ, ಹೆಂಚಿನ ಮಾಡಿನಡಿ ಕುಳಿತು ಮುದ್ರಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ!

ಆಂಡ್ರಾಯ್ಡಿನ ಕೆಲವು ಫೋನುಗಳಲ್ಲಿ ಮಟ್ಟವನ್ನು ತಾನಾಗಿಯೇ ಸರಿಪಡಿಸುವ ಆಟೋಮ್ಯಾಟಿಕ್ ಗೇನ್ ಕಂಟ್ರೋಲ್ ಉಂಟು. ದೂರವಾಣಿಯ ಮಾತಿಗೆ ಅದು ಹಿತ. ಪದ್ಯಕ್ಕಾಗಲಿ ತಾಳಮದ್ದಳೆಯ ಅರ್ಥಗಾರಿಕೆಗಾಗಲಿ ಅದು ಒಗ್ಗುವುದಿಲ್ಲ. ಪಿಸುಮಾತೂ ಗರ್ಜನೆಯೂ ಒಂದೇ ಎತ್ತರಕ್ಕೆ ಬಂದು, ಮಾತಿನ ನಡುವಣ ಮೌನದಲ್ಲಿ ಗದ್ದಲ ತಲೆಯೆತ್ತುತ್ತದೆ.

ಆ್ಯಪಿನಲ್ಲಿ ಮುದ್ರಣದ ಹೊತ್ತಿಗೇ ಏರಿಳಿಯುವ ಮಟ್ಟಸೂಚಿಯೊಂದನ್ನು ತೋರಿಸುವುದು ಗುಣಾಕಾರಕ್ಕಿಂತ ಉತ್ತಮ. ಅತಿ ಗಟ್ಟಿಯಾದ ಅಕ್ಷರವೂ 8,000ದಿಂದ 16,000ದ ನಡುವೆ ನಿಂತರೆ ಸಾಕು. ಅದಕ್ಕಿಂತ ತಗ್ಗಿದರೆ ಫೋನನ್ನು ಹತ್ತಿರ ತರಲು ಮಗುವಿಗೆ ತಿಳಿಸಬೇಕು. 30 ಸೆಂಟಿಮೀಟರಿನ ಅಂತರವನ್ನು 15ಕ್ಕೆ ಇಳಿಸಿದರೂ ಮಗುವಿನ ದನಿ ಸುಮಾರು ಅದೇ 6 ಡೆಸಿಬೆಲ್ ಏರುತ್ತದೆ, ಮಳೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಫೋನು ಬಾಯಿಯ ನೇರಕ್ಕಿರದೆ ತುಸು ಓರೆಯಾಗಿರಲಿ; ಮಹಾಪ್ರಾಣಾಕ್ಷರಗಳ ಉಸಿರು ಮೈಕಿಗೆ ಬಡಿಯಬಾರದು.