ಹಾಡಿನಲ್ಲಿ ಬೇಸ್ ಗಿಟಾರ್ ಇದ್ದರೂ ನಮಗೇಕೆ ಕೇಳಿಸುವುದಿಲ್ಲ? ನುಡಿಸಿದವರ ಹೆಸರೇಕೆ ಗೊತ್ತಿಲ್ಲ?

ರಾಕ್ ಬ್ಯಾಂಡ್‌ಗಳ ಬಗ್ಗೆ ಒಂದು ಹಳೆಯ ಜೋಕ್ ಇದೆ: ಗಿಟಾರ್ ಚೆನ್ನಾಗಿ ಬರುವವನ ಕೈಗೆ ಗಿಟಾರ್ ಕೊಡುತ್ತಾರೆ, ಬಾರದವನ ಕೈಗೆ ಬೇಸ್ ಕೊಡುತ್ತಾರೆ. ವೇದಿಕೆಯ ಮೂಲೆಯಲ್ಲಿ ಸುಮ್ಮನೆ ನಿಂತ ಬೇಸ್ ವಾದಕನನ್ನು ತೋರಿಸಿ “ಇವನು ಏನು ಮಾಡುತ್ತಿದ್ದಾನೆ?” ಎಂದು ಕೇಳುವ ಮೀಮ್‌ಗಳೂ ಓಡಾಡುತ್ತಿರುತ್ತವೆ. ನಾವು ನಕ್ಕು ಇನ್ನೊಂದು ಗುಂಪಿಗೆ ಕಳಿಸುತ್ತೇವೆ.

ಈ ಜೋಕಿನೊಳಗೆ ಎರಡು ನಂಬಿಕೆಗಳು ಅಡಗಿವೆ. ಒಂದು, ಬೇಸ್ ನುಡಿಸುವುದು ಸುಲಭ. ಇನ್ನೊಂದು, ಕೇಳಿಸದೇ ಇರುವುದು ಇಲ್ಲದಿದ್ದರೂ ನಡೆಯುತ್ತದೆ. ಎರಡೂ ಸರಿಯಲ್ಲ. ಏಕೆ ಎಂದು ಒಂದೊಂದಾಗಿ ನೋಡೋಣ.

ಬೇಸ್ ಗಿಟಾರ್ ಎಂದರೇನು?

ನೋಡಲು ಗಿಟಾರ್‌ನಂತೆಯೇ ಇರುತ್ತದೆ. ಆದರೆ ಕುತ್ತಿಗೆ ಉದ್ದ, ತಂತಿಗಳು ದಪ್ಪ, ಸಾಮಾನ್ಯವಾಗಿ ನಾಲ್ಕೇ ತಂತಿ. ಗಿಟಾರ್‌ನ ಅತ್ಯಂತ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ, ಅಂದರೆ 82 ಹರ್ಟ್ಸ್. ಬೇಸ್‌ನ ಕೆಳಗಿನ ತಂತಿ ಅದರ ಅರ್ಧ, ಸುಮಾರು 41 ಹರ್ಟ್ಸ್. ಮನುಷ್ಯನ ಕಿವಿಗೆ ಕೇಳುವ ಕೆಳಗಿನ ಮಿತಿಯೇ ಸುಮಾರು 20 ಹರ್ಟ್ಸ್. ಹಾಗಾಗಿ ಬೇಸ್ ಕೆಲಸ ಮಾಡುವುದು ನಮ್ಮ ಕೇಳುವ ಶಕ್ತಿಯ ಅಂಚಿನಲ್ಲಿ.

ಮೊದಲು ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದನ್ನು ಹೊತ್ತೊಯ್ಯುವುದು ಕಷ್ಟ, ಡ್ರಮ್‌ಗಳ ಸದ್ದಿನ ನಡುವೆ ಅದು ಕೇಳಿಸುವುದೂ ಕಷ್ಟ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ಎಂಬ ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ನಂತರ ಬಂದ ರಾಕ್ ಮತ್ತು ಪಾಪ್ ಸಂಗೀತದ ಬಹುಭಾಗ ಈ ವಾದ್ಯದ ಮೇಲೆ ನಿಂತಿದೆ.

ಫೋನಿನಲ್ಲಿ ಅದು ಏಕೆ ಕೇಳಿಸುವುದಿಲ್ಲ?

41 ಹರ್ಟ್ಸ್‌ನ ಶಬ್ದದ ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗೂ ಹೆಚ್ಚು. ಇಷ್ಟು ದೊಡ್ಡ ಅಲೆ ಎಬ್ಬಿಸಲು ಸ್ಪೀಕರ್ ತುಂಬಾ ಗಾಳಿಯನ್ನು ಹಿಂದೆ ಮುಂದೆ ತಳ್ಳಬೇಕು. ಮೊಬೈಲ್‌ನ ಸ್ಪೀಕರ್ ಉಗುರಿನಷ್ಟು ಚಿಕ್ಕದು. ಅದಕ್ಕೆ ಆ ತಾಕತ್ತಿಲ್ಲ. ಬೇಸ್‌ನ ಮೂಲ ಕಂಪನಗಳು ಅದರಿಂದ ಹೊರಬರುವುದೇ ಇಲ್ಲ ಎನ್ನಬಹುದು.

ನಮ್ಮ ಕಿವಿಯೂ ಇಲ್ಲಿ ಪಕ್ಷಪಾತಿ. ಅದು ಅತ್ಯಂತ ಚುರುಕಾಗಿ ಕೇಳುವುದು 2,000ದಿಂದ 5,000 ಹರ್ಟ್ಸ್ ನಡುವಿನ ಶಬ್ದವನ್ನು. ಮಾತಿನ ವ್ಯಂಜನಗಳು, ಮಗುವಿನ ಅಳುವಿನ ತೀಕ್ಷ್ಣ ಭಾಗ ಇರುವುದು ಆ ಸುತ್ತಲೇ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ನಕ್ಷೆ ಮಾಡಿದರು. ಸದ್ದು ಕಡಿಮೆ ಇದ್ದಾಗ ಮಂದ್ರ ಸ್ವರವೊಂದು ಮಧ್ಯಮ ಸ್ವರದಷ್ಟೇ ಜೋರಾಗಿ ಕೇಳಬೇಕಾದರೆ ಸಾವಿರಾರು ಪಟ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ.

ಹಾಗಾದರೆ ಫೋನಿನಲ್ಲಿ ಹಾಡು ಪೂರ್ತಿ ಇದೆ ಅನಿಸುವುದು ಹೇಗೆ?

ಇದು ಮೆದುಳಿನ ಕರಾಮತ್ತು. ಯಾವುದೇ ತಂತಿ ಮೀಟಿದಾಗ ಒಂದೇ ಕಂಪನ ಹುಟ್ಟುವುದಿಲ್ಲ. 41 ಹರ್ಟ್ಸ್ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಕಂಪನಗಳೂ ಹುಟ್ಟುತ್ತವೆ. ಫೋನು ಮೇಲಿನ ಕಂಪನಗಳನ್ನು ಮಾತ್ರ ನುಡಿಸಿದರೂ, ಅವುಗಳ ನಡುವಿನ ಅಂತರವನ್ನು ಗುರುತಿಸಿ ಮೆದುಳು ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ.

ಇದಕ್ಕೆ ಮನೆಯಲ್ಲೇ ಉದಾಹರಣೆ ಇದೆ. ಗಂಡಸರ ದನಿಯ ಮೂಲ ಕಂಪನ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್ ಆಸುಪಾಸು. ಹಳೆಯ ಲ್ಯಾಂಡ್‌ಲೈನ್ ಫೋನ್ 300 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಸಾಗಿಸುತ್ತಲೇ ಇರಲಿಲ್ಲ. ಆದರೂ “ಹಲೋ” ಎಂದ ಕೂಡಲೇ ಅದು ಅಪ್ಪನ ದನಿ ಎಂದು ನಮಗೆ ಗೊತ್ತಾಗುತ್ತಿತ್ತು, ಅದು ಗಂಡಸಿನ ದನಿಯಂತೆಯೇ ಕೇಳುತ್ತಿತ್ತು.

ಗಮನಕ್ಕೆ ಬಾರದೆಯೂ ಬೇಸ್ ಮಾಡುವ ಕೆಲಸ

ಮೊದಲನೆಯದು, ತಾಳ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಮೇಲಿನ ಸ್ವರ, ಒಂದು ಕೆಳಗಿನ ಸ್ವರವನ್ನು ಒಟ್ಟಿಗೆ ಕೇಳಿಸಿ, ಆಗಾಗ ಎರಡರಲ್ಲಿ ಒಂದನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಬೇಗ ನುಡಿಸಿದರು. ಕೆಳಗಿನ ಸ್ವರ ತಾಳ ತಪ್ಪಿದಾಗ ಕೇಳುಗರ ಮೆದುಳು ಹೆಚ್ಚು ಬಲವಾಗಿ ಸ್ಪಂದಿಸಿತು. ಬೆರಳಿನಿಂದ ತಾಳ ಹಾಕುವಾಗಲೂ ಜನ ಕೆಳಗಿನ ಸ್ವರದ ಹಿಂದೆಯೇ ಹೋದರು.

ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ 2022ರಲ್ಲಿ ಬಂತು. ಎಲೆಕ್ಟ್ರಾನಿಕ್ ಸಂಗೀತದ ಕಾರ್ಯಕ್ರಮವೊಂದರಲ್ಲಿ, ಪ್ರತ್ಯೇಕವಾಗಿ ಕೇಳಿಸಿಕೊಳ್ಳಲಾಗದಷ್ಟು ಮಂದ್ರವಾದ ಶಬ್ದವನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಚ್ಚಿ ಆರಿಸಿದರು. ಅದು ಇದ್ದಾಗ ಜನ ಸರಾಸರಿ 11.8% ಹೆಚ್ಚು ಕುಣಿದರು. ಅದು ಬೇಸ್ ಗಿಟಾರ್‌ಗಿಂತಲೂ ಕೆಳಗಿನ ಶಬ್ದ, ನಿಜ. ಆದರೂ ಕಿವಿ ಗುರುತಿಸದ್ದಕ್ಕೆ ಮೈ ಸ್ಪಂದಿಸಬಲ್ಲದು ಎಂಬುದು ಅದರಿಂದ ಸ್ಪಷ್ಟವಾಯಿತು.

ಎರಡನೆಯದು, ಹಾಡಿನ ಭಾವ. ಗಿಟಾರ್, ಕೀಬೋರ್ಡ್‌ಗಳು ಸಿ, ಇ, ಜಿ ಎಂಬ ಮೂರು ಸ್ವರಗಳನ್ನು ಹಿಡಿದಿವೆ ಎಂದುಕೊಳ್ಳಿ. ಕೆಳಗೆ ಬೇಸ್ ಕೂಡ ‘ಸಿ’ ನುಡಿಸಿದರೆ ಅದು ಸಿ ಮೇಜರ್, ಸಾಮಾನ್ಯವಾಗಿ ನಿರಾಳವಾಗಿ ಕೇಳುತ್ತದೆ. ಬೇಸ್ ಮಾತ್ರ ‘ಎ’ಗೆ ಸರಿದರೆ ಅದೇ ಗುಂಪು ಎ ಮೈನರ್ ಸೆವೆಂತ್ ಆಗಿ ಸ್ವಲ್ಪ ಬೇಸರದ ಛಾಯೆ ಪಡೆಯುತ್ತದೆ. ಮೇಲಿನವರು ಬೆರಳೂ ಅಲುಗಿಸಿಲ್ಲ. ಕೆಳಗಿನ ಒಬ್ಬರು ಬದಲಿಸಿದರು, ಹಾಡಿನ ಬಣ್ಣವೇ ಬದಲಾಯಿತು.

ತಾಳ ಮತ್ತು ಸ್ವರ ಎರಡನ್ನೂ ಒಟ್ಟಿಗೆ ಹಿಡಿಯುವ ಕೆಲಸ ಇದು. ತಪ್ಪಿದರೆ ಇಡೀ ಹಾಡು ವಾಲುತ್ತದೆ, ಸರಿಯಾಗಿದ್ದರೆ ಯಾರೂ ಗಮನಿಸುವುದಿಲ್ಲ. ನಾಲ್ಕೇ ತಂತಿ ಎಂಬ ಮಾತ್ರಕ್ಕೆ ಇದನ್ನು ಸುಲಭ ಎನ್ನಲಾಗದು.

ಹೆಸರಿಲ್ಲದೆ ನುಡಿಸಿದ ಜೇಮ್ಸ್ ಜೇಮರ್ಸನ್

1936ರಲ್ಲಿ ಹುಟ್ಟಿದ ಜೇಮ್ಸ್ ಜೇಮರ್ಸನ್ ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಸ್ಟುಡಿಯೋದಲ್ಲಿ ಬೇಸ್ ನುಡಿಸುತ್ತಿದ್ದರು. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಸ್ಟೀವಿ ವಂಡರ್, ಮಾರ್ವಿನ್ ಗೇ ಅವರ 1960ರ ದಶಕದ ಹಿಟ್‌ಗಳಲ್ಲಿ ಹೆಚ್ಚಿನವುಗಳ ಕೆಳಗೆ ಇರುವುದು ಅವರ ಕೈ. ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ ಹಾಡು ಶುರುವಾಗುವುದೇ ಅವರ ಬೇಸ್‌ನಿಂದ.

ಹಾಡುಗಳು ಜಗತ್ತಿಗೆಲ್ಲ ಗೊತ್ತಾದವು, ನುಡಿಸಿದವರು ಗೊತ್ತಾಗಲಿಲ್ಲ. ರೆಕಾರ್ಡ್ ಕವರ್ ಮೇಲೆ ವಾದ್ಯಗಾರರ ಹೆಸರು ಹಾಕುವ ರೂಢಿ ಮೋಟೌನ್‌ನಲ್ಲಿ ಇರಲಿಲ್ಲ. 1971ರ ಮಾರ್ವಿನ್ ಗೇ ಆಲ್ಬಂ ‘ವಾಟ್ಸ್ ಗೋಯಿಂಗ್ ಆನ್’ನಲ್ಲಿ ಹೆಸರುಗಳು ಅಚ್ಚಾಗುವ ಹೊತ್ತಿಗೆ ಜೇಮರ್ಸನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ದುಡಿದಿದ್ದರು. ಮರುವರ್ಷ ಕಂಪನಿ ಲಾಸ್ ಏಂಜಲೀಸ್‌ಗೆ ಹೋಯಿತು. ಜೇಮರ್ಸನ್ ಕೂಡ ಹೋದರು, ಆದರೆ ಕೆಲಸ ಕಡಿಮೆಯಾಯಿತು, ಕುಡಿತ ಹೆಚ್ಚಾಯಿತು.

1983ರಲ್ಲಿ ಮೋಟೌನ್‌ನ 25ನೇ ವರ್ಷದ ಟಿವಿ ಕಾರ್ಯಕ್ರಮ ನಡೆಯಿತು. ಮೈಕಲ್ ಜಾಕ್ಸನ್ ಮೂನ್‌ವಾಕ್ ಮಾಡಿ ತೋರಿಸಿದ್ದು ಇದೇ ವೇದಿಕೆಯಲ್ಲಿ. ಜೇಮರ್ಸನ್‌ಗೆ ಆಹ್ವಾನ ಇರಲಿಲ್ಲ. ಬ್ಲಾಕ್‌ನಲ್ಲಿ ಟಿಕೆಟ್ ಕೊಂಡು ಹಿಂದೆ ಕುಳಿತು ನೋಡಿದರು ಎಂದು ಅವರ ಬದುಕಿನ ಕಥೆ ಬರೆದವರು ಹೇಳುತ್ತಾರೆ. ಅದೇ ವರ್ಷ ಆಗಸ್ಟ್‌ನಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ.

ಹೆಸರು ಬರೆಯದಿದ್ದರೆ ಏನಾಗುತ್ತದೆ?

ಲಾಸ್ ಏಂಜಲೀಸ್‌ನ ಕ್ಯಾರಲ್ ಕೇ ಮೊದಲು ಗಿಟಾರ್ ವಾದಕಿ. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸ್ ವಾದಕ ಬಾರದೇ ಇದ್ದಾಗ ಅವರು ಬೇಸ್ ಹಿಡಿದರು. ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ (1966) ಸೇರಿದಂತೆ ಅವರು ನುಡಿಸಿದ ರೆಕಾರ್ಡಿಂಗ್‌ಗಳ ಸಂಖ್ಯೆ ಸುಮಾರು 10,000 ಎಂಬ ಅಂದಾಜಿದೆ. 2025ರಲ್ಲಿ ಹಾಲ್ ಆಫ್ ಫೇಮ್ ಅವರನ್ನು ಆರಿಸಿದಾಗ ತಾವು ಬರುವುದಿಲ್ಲ ಎಂದರು. ಸ್ಟುಡಿಯೋ ಕೆಲಸ ಒಬ್ಬರದಲ್ಲ, ತಂಡದ್ದು ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಮೋಟೌನ್‌ನ ಕೆಲವು ಹಿಟ್‌ಗಳಲ್ಲೂ ತಾವೇ ನುಡಿಸಿದ್ದಾಗಿ ಕೇ ಹೇಳಿದ್ದಾರೆ. ಅವು ಜೇಮರ್ಸನ್ ನುಡಿಸಿದವು ಎಂದು ಮೋಟೌನ್‌ನಲ್ಲಿ ಇದ್ದವರು ವಾದಿಸಿದ್ದಾರೆ. ಕವರ್ ಮೇಲೆ ಆಗಲೇ ಒಂದು ಸಾಲು ಬರೆದಿದ್ದರೆ ಈ ಜಗಳ ಇಷ್ಟು ಬೆಳೆಯುತ್ತಿರಲಿಲ್ಲ. ದಾಖಲೆ ಇಲ್ಲದ ಜಾಗದಲ್ಲಿ ದಂತಕಥೆ ಬೆಳೆಯುತ್ತದೆ. “ಈ ಎಲ್ಲ ಹಾಡುಗಳಲ್ಲೂ ನುಡಿಸಿದ್ದು ಇವರೇ” ಎಂಬ ಉದ್ದನೆಯ ಪಟ್ಟಿ ಫಾರ್ವರ್ಡ್ ಆಗಿ ಬಂದಾಗ, ಅದು ಪ್ರೀತಿಯಿಂದಲೇ ಬರೆದದ್ದಾದರೂ, ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ಹೆಸರಿದ್ದರೂ ಗಮನ ಬೇರೆ ಕಡೆ

ಬ್ಯಾಂಡ್‌ನ ಸದಸ್ಯರಾಗಿದ್ದವರ ಕಥೆ ಸ್ವಲ್ಪ ಬೇರೆ. ಕ್ವೀನ್ ಎಂದರೆ ಎಲ್ಲರಿಗೂ ನೆನಪಾಗುವುದು ಫ್ರೆಡ್ಡಿ ಮರ್ಕ್ಯುರಿ. ಆದರೆ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಅವರ 1980ರ ಹಾಡು ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಬರೆದವರು ಬೇಸ್ ವಾದಕ ಜಾನ್ ಡೀಕನ್. ಆ ಹಾಡನ್ನು ಯಾರಾದರೂ ಗುನುಗುವಾಗ ಹೆಚ್ಚಾಗಿ ಗುನುಗುವುದು ಬೇಸ್‌ನ ಸಾಲನ್ನೇ.

ಬೀಟಲ್ಸ್‌ನಲ್ಲೂ 1961ರಲ್ಲಿ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ತಂಡ ಬಿಟ್ಟಾಗ ಆ ವಾದ್ಯ ಯಾರಿಗೂ ಬೇಡವಾಗಿತ್ತು. ಕೊನೆಗೆ ಪಾಲ್ ಮೆಕಾರ್ಟ್ನಿ ಹಿಡಿದರು. ಜೇಮರ್ಸನ್ ಅವರ ನುಡಿಸಾಣಿಕೆ ತಮ್ಮ ಮೇಲೆ ಪ್ರಭಾವ ಬೀರಿತು ಎಂದು ಅವರು ಮುಂದೆ ಹೇಳಿದ್ದಾರೆ. ಆಗಿನ ಕಾಲದಲ್ಲಿ ಬೇಸ್ ಜೋರಾದರೆ ಗ್ರಾಮೊಫೋನ್ ಮುಳ್ಳು ತಟ್ಟೆಯ ಮೇಲೆ ಜಿಗಿಯುತ್ತದೆ ಎಂಬ ಭಯವೂ ರೆಕಾರ್ಡಿಂಗ್ ಕಂಪನಿಗಳಿಗೆ ಇತ್ತು. 1966ರ ‘ಪೇಪರ್‌ಬ್ಯಾಕ್ ರೈಟರ್’ ಹಾಡಿಗೆ ಎಂಜಿನಿಯರ್ ಜೆಫ್ ಎಮೆರಿಕ್ ಒಂದು ಲೌಡ್‌ಸ್ಪೀಕರನ್ನೇ ಮೈಕ್‌ನಂತೆ ಬಳಸಿ ಬೇಸ್ ಹಿಡಿದರು.

ನಮ್ಮ ಸಿನಿಮಾ ಹಾಡುಗಳಲ್ಲಿ

ಬೇಸ್‌ಗೆ ಪ್ರತ್ಯೇಕ ಮಧುರ ಸಾಲು ಬರೆಯುವುದಕ್ಕೆ ಹೆಸರಾದವರು ಇಳಯರಾಜ. ಶಂಕರ್ ನಾಗ್ ಅವರ ‘ಗೀತಾ’ (1981) ಚಿತ್ರದ ಸಂಗೀತ ಅವರದ್ದೇ. ಅವರ ತಂಡದಲ್ಲಿ ದೀರ್ಘಕಾಲ ಬೇಸ್ ನುಡಿಸಿದ ಶಶಿಧರನ್ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಕ್ಯಾಸೆಟ್ ಕವರ್‌ಗಳಲ್ಲಿ ಇರುತ್ತಿದ್ದುದು ಸಾಮಾನ್ಯವಾಗಿ ಗಾಯಕರು, ಸಾಹಿತಿ, ಸಂಗೀತ ನಿರ್ದೇಶಕರ ಹೆಸರು. ಎ.ಆರ್. ರೆಹಮಾನ್ ತಮ್ಮ ಆಲ್ಬಂಗಳಲ್ಲಿ ವಾದ್ಯಗಾರರ ಹೆಸರು ಹಾಕಿಸತೊಡಗಿದ ಮೇಲೆ ಕೀತ್ ಪೀಟರ್ಸ್ ಅವರಂಥ ಬೇಸ್ ವಾದಕರನ್ನು ಕೇಳುಗರು ಹೆಸರಿನಿಂದ ಗುರುತಿಸತೊಡಗಿದರು. ಒಂದು ಸಾಲು ಅಚ್ಚಾದರೆ ಇಷ್ಟು ವ್ಯತ್ಯಾಸ ಆಗುತ್ತದೆ.

ನೀವೇ ಪರೀಕ್ಷಿಸಿ ನೋಡಿ

- ‘ಮೈ ಗರ್ಲ್’ ಅಥವಾ ‘ಗೀತಾ’ ಚಿತ್ರದ ಯಾವುದಾದರೂ ಹಾಡನ್ನು ಮೊದಲು ಫೋನ್ ಸ್ಪೀಕರ್‌ನಲ್ಲಿ ಕೇಳಿ.
- ಅದೇ ಹಾಡನ್ನು ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನ್‌ನಲ್ಲಿ ಕೇಳಿ. ಸಡಿಲವಾಗಿದ್ದರೆ ಮೊದಲು ಸೋರಿಹೋಗುವುದೇ ಬೇಸ್.
- ಹಾಡಿನ ಮಾತನ್ನು ಬಿಟ್ಟು, ಡ್ರಮ್ ಜೊತೆಗೆ ಕೆಳಗೆ ನಡೆಯುವ ದಪ್ಪ ಸ್ವರದ ಹಿಂದೆ ಮಾತ್ರ ಹೋಗಿ. ಎರಡು ಮೂರು ಸಲ ಕೇಳಿದರೆ ಸಾಕು, ಸಿಕ್ಕಿಬಿಡುತ್ತದೆ.
- ಬೇಸ್ ಕೇಳಿಸಲಿಲ್ಲ ಎಂದು ವಾಲ್ಯೂಮ್ ಏರಿಸಬೇಡಿ. ಚಿಕ್ಕ ಸ್ಪೀಕರ್‌ನಲ್ಲಿ ಅದರಿಂದ ಬೇಸ್ ಬರುವುದಿಲ್ಲ. ಇಯರ್‌ಫೋನ್‌ನಲ್ಲಾದರೆ ಕಿವಿಗೆ ಪೆಟ್ಟು. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ.

ಕೊನೆಯದಾಗಿ

ಬೇಸ್ ಕೇಳಿಸದೇ ಇರುವುದಕ್ಕೆ ಕಾರಣ ಫೋನಿನ ಸ್ಪೀಕರ್ ಮತ್ತು ನಮ್ಮ ಕಿವಿ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ನುಡಿಸಿದವರ ಹೆಸರು ಗೊತ್ತಿಲ್ಲದೇ ಇರುವುದಕ್ಕೆ ಕಾರಣ ಮಾತ್ರ ಮನುಷ್ಯರು: ಬರೆಯದೇ ಬಿಟ್ಟವರು, ಕೇಳದೇ ಬಿಟ್ಟ ನಾವು. ಮುಂದಿನ ಸಲ ಹಳೆಯ ಹಾಡೊಂದನ್ನು ಗುಂಪಿಗೆ ಕಳಿಸುವಾಗ ಗಾಯಕರ ಹೆಸರಿನ ಜೊತೆ ವಾದ್ಯಗಾರರ ಹೆಸರನ್ನೂ ಹುಡುಕಿ. ಖಚಿತವಾಗಿ ಸಿಕ್ಕರೆ ಸೇರಿಸಿ. ಸಿಗದಿದ್ದರೆ ಊಹಿಸಿ ಬರೆಯಬೇಡಿ.