ಮೊದಲಕ್ಷರದ ತೊಡಕು

ಹಳೆಯ ರೇಡಿಯೋ ಅಟ್ಟದಿಂದ ಕೆಳಗಿಳಿಯಿತೆಂದರೆ ಮನೆಯಲ್ಲಿ ಸಣ್ಣದೊಂದು ಸಂಭ್ರಮವೇ ಸರಿ. ಧೂಳು ಒರೆಸಿದೊಡನೆ ಮರದ ಪೆಟ್ಟಿಗೆಗೆ ಹೊಳಪು ಬರುತ್ತದೆ; ಗಾಜಿನ ಮೇಲೆ ಅಚ್ಚಾದ ಊರುಗಳ ಹೆಸರನ್ನು ಮೊಮ್ಮಕ್ಕಳು ಓದತೊಡಗುತ್ತಾರೆ. ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1976ರಲ್ಲಿ. ಅದಕ್ಕೆ ಮೊದಲು ಇಲ್ಲಿನ ಮನೆಗಳವರು ಅಂಗಳದ ತೆಂಗಿನ ಮರಗಳಿಗೆ ತಂತಿ ಬಿಗಿದು ಧಾರವಾಡ, ಬೆಂಗಳೂರು, ಸಿಲೋನುಗಳಿಗೆ ಕಿವಿಗೊಡುತ್ತಿದ್ದರು. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣವನ್ನೂ ಕಟ್ಟುತ್ತಿದ್ದರು.

ಪೆಟ್ಟಿಗೆಯೇನೋ ಹೊಳೆಯಿತು. ದನಿ?

ಅವಸರದಿಂದ ಪ್ಲಗ್ಗು ಚುಚ್ಚುವವರಿಗೆ ಒಂದು ಮಾತು. ಕರಾವಳಿಯ ಎಷ್ಟೋ ಮಳೆಗಾಲಗಳ ತೇವವನ್ನು ಹೀರಿದ ಮೇಣಗಾಗದದ ಕಂಡೆನ್ಸರು ವಿದ್ಯುತ್ತನ್ನು ತಡೆಯುವ ಬದಲು ಸೋರಲು ಬಿಡುತ್ತದೆ. ಆಗ ದನಿಯನ್ನು ಹೊರಡಿಸುವ ವಾಲ್ವು ಅತಿಯಾಗಿ ಕಾಯ್ದು, ಜೊತೆಗೆ ಟ್ರಾನ್ಸ್‌ಫಾರ್ಮರನ್ನೂ ಸುಟ್ಟೀತು. ಎ.ಸಿ., ಡಿ.ಸಿ. ಎರಡರಲ್ಲಿಯೂ ನಡೆಯುವ ಮಾದರಿಗಳಲ್ಲಂತೂ ಒಳಗಿನ ಲೋಹದ ಚೌಕಟ್ಟಿಗೇ ವಿದ್ಯುತ್ತು ಹರಿದಿರಬಹುದು. ಮುಟ್ಟಿದ ಕೈಗೆ ಅದು ಅಜ್ಜನ ರೇಡಿಯೋ ಎಂಬ ದಾಕ್ಷಿಣ್ಯವಿಲ್ಲ.

ಕಂಡೆನ್ಸರಿನ ಚಿಂತೆ ದೊಡ್ಡದಲ್ಲ. ಹೊಸತು ಸಿಕ್ಕುತ್ತದೆ, ಅದನ್ನು ಹಳೆಯ ಕೊಳವೆಯೊಳಗೇ ಅಡಗಿಸಿಡುವ ಕುಶಲಿಗಳೂ ಉಂಟು. ಟ್ರಾನ್ಸ್‌ಫಾರ್ಮರಿಗೆ ಮತ್ತೆ ತಂತಿ ಸುತ್ತಿಸಬಹುದು. ವಾಲ್ವಿನ ಮಾತು ಬೇರೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಒಂದು ಕಾಲಕ್ಕೆ ಇವನ್ನು ತಯಾರಿಸುತ್ತಿತ್ತು. ಟ್ರಾನ್ಸಿಸ್ಟರು ಮನೆ ಹೊಕ್ಕ ಮೇಲೆ ಆ ಕಾಲ ಮುಗಿಯಿತು.

ಮಣ್ಣಗುಡ್ಡೆಯ ಮನೆಯೊಂದರ ರೇಡಿಯೋದಲ್ಲಿ ಯುಸಿಎಚ್ 81 ಎಂಬ ವಾಲ್ವಿನ ಒಳತಂತಿ ಕಡಿದಿದೆಯೆಂದು ಭಾವಿಸೋಣ. ಇಂಥ ಸೆಟ್ಟಿನಲ್ಲಿ ವಾಲ್ವುಗಳ ಒಳತಂತಿಗಳನ್ನು ದೀಪಾವಳಿಯ ಬಲ್ಬಿನ ಮಾಲೆಯಂತೆ ಪೋಣಿಸಿರುತ್ತಾರೆ. ಒಂದು ಆರಿದರೆ ಎಲ್ಲವೂ ಆರಿದಂತೆ. ಯಜಮಾನರು ಹಂಪನಕಟ್ಟೆಯಲ್ಲಿ ವಿಚಾರಿಸುತ್ತಾರೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿಸುತ್ತಾರೆ. ಕಡೆಗೊಂದು ದಿನ ಪೊಟ್ಟಣವೊಂದು ಬರುತ್ತದೆ. ಅದರಲ್ಲಿರುವುದು ಇಸಿಎಚ್ 81!

ಕನ್ನಡ ಪದ್ಯದ ಪ್ರಾಸಕ್ಕೆ ಎರಡನೆಯ ಅಕ್ಷರ ಮುಖ್ಯ. ವಾಲ್ವಿನ ಶಾಸ್ತ್ರದಲ್ಲಿ ಮೊದಲನೆಯದನ್ನೂ ಬಿಡುವಂತಿಲ್ಲ. 'ಇ' ಎಂದರೆ 6.3 ವೋಲ್ಟಿನಲ್ಲಿ ಕಾಯುವ ಒಳತಂತಿ. 'ಯು' ಎಂದರೆ 0.1 ಆಂಪಿಯರಿನ ಮಾಲೆಗೆ ಸೇರಿದ್ದು. ಎರಡರ ಕಾಲುಗಳೂ ಒಂದೇ ಬಗೆ, ಸಾಕೆಟ್ಟಿನಲ್ಲಿ ಸೊಗಸಾಗಿ ಕೂರುತ್ತದೆ; ಆದರೆ ಬೇಕಾದಷ್ಟು ಕಾಯುವುದಿಲ್ಲ, ರೇಡಿಯೋ ಮಾತನಾಡುವುದಿಲ್ಲ.

"ಇದೇ ಜಾತಿಯ ಇನ್ನೊಂದು ಎಲ್ಲಿಯಾದರೂ ಉಂಟೋ?" ಎಂದು ರಿಪೇರಿಯವರು ಕೇಳುತ್ತಾರೆ.

ಉಂಟು. ಉಡುಪಿಯಲ್ಲಿರುವ ತಂಗಿಯ ಮನೆಯಲ್ಲಿ. ತಂದೆ ಒಂದೇ ಅಂಗಡಿಯಿಂದ ಎರಡನ್ನು ತಂದು, ಒಂದನ್ನು ಮಗಳ ಮದುವೆಗೆ ಕೊಟ್ಟಿದ್ದರು. ಅದರ ಊರಿನ ಗಾಜು ಒಡೆದಿದೆ, ಸ್ಪೀಕರು ಹರಿದಿದೆ. ವಾಲ್ವುಗಳು ಮಾತ್ರ ನೆಟ್ಟಗಿವೆ. ಗುಜರಿಯವನು ಎರಡು ಬಾರಿ ಕೇಳಿಹೋಗಿದ್ದಾನೆ.

ಅಣ್ಣ ಫೋನಿನಲ್ಲಿ ವಿಷಯ ತಿಳಿಸಿದಾಗ ತಂಗಿ ಬಹಳ ಹೊತ್ತು ಸುಮ್ಮನಿದ್ದಳು.

"ನನ್ನದು ಹಾಡುವುದಿಲ್ಲ, ಅಣ್ಣಾ, ನಿಜ. ಆದರೆ ಅದನ್ನು ಬಿಚ್ಚಿದರೆ ನನಗೆ ಅಪ್ಪ ಕೊಟ್ಟದ್ದು ಏನು ಉಳಿಯಿತು?"

ವಾಲ್ವಿನ ಬೆಲೆಯನ್ನು ಯಾವ ಪಟ್ಟಿಯಲ್ಲಿಯಾದರೂ ನೋಡಬಹುದು. ಈ ಪ್ರಶ್ನೆಗೆ ಅಣ್ಣನಲ್ಲಿ ಉತ್ತರವಿರಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ.

ವಾರ ಕಳೆದು ಉಡುಪಿಯ ಬಸ್ಸಿನಲ್ಲಿ ಭಾವನೇ ಬಂದಿಳಿದನು. ತೊಡೆಯ ಮೇಲೆ, ಹಳೆಯ ಸೀರೆಯಲ್ಲಿ ಸುತ್ತಿದ ಪೆಟ್ಟಿಗೆ. ತಂಗಿ ಹೇಳಿಕಳುಹಿಸಿದ್ದಿಷ್ಟೆ: ಬೇಕಾದದ್ದನ್ನು ತೆಗೆದುಕೊಳ್ಳಿ, ಪೆಟ್ಟಿಗೆಯೂ ಗುಂಡಿಗಳೂ ಹಿಂದಕ್ಕೆ ಬರಲಿ; ಮೊದಲ ದಿನ ಹಾಡಿದಾಗ ಫೋನನ್ನು ಅದರ ಪಕ್ಕದಲ್ಲಿಡಿ.